ಗನ್ ಲೈಸೆನ್ಸ್ ಸುಲಭ ಮಾಡಿದರೆ ನಮ್ಮ ಕಡೆ ಕೊಲೆ, ದರೋಡೆ ಕಡಿಮೆ ಆಗುತ್ತವಾ?

ನೀವು ಎರಡು ವಿಷಯ ಕೇಳಿದ್ದೀರಿ. ಬೀದರ್‌ನಲ್ಲಿ ಹಾಡಹಗಲೇ ಗುಂಡು ಹಾರಿಸಿ ಎಟಿಎಂ ಹಣ ದೋಚಿದ ಮೇಲೂ ಸಾಮಾನ್ಯ ಜನರಿಗೆ ಗನ್ ಕೊಡದೆ ಇರೋದು ಸರಿಯಾ, ಬಿಗಿ ಕಾನೂನಿನಿಂದ ಅಪರಾಧ ಕಡಿಮೆ ಆಗುತ್ತೆ ಅನ್ನೋದು ನಿಜವಾ ಅಂತ ಒಂದು. ಅಫಜಲಪುರ ಕಡೆ ನಿಮ್ಮ ಹೊಲದ ಬದುವಿನ ಜಗಳದಲ್ಲಿ ಬೆದರಿಕೆ ಬರುತ್ತಿದೆ, ಅಪ್ಪ ಲೈಸೆನ್ಸಿಗೆ ಅರ್ಜಿ ಹಾಕಲಾ ಅಂತಿದ್ದಾರೆ ಅಂತ ಇನ್ನೊಂದು. ನಾನು ಕಲಬುರಗಿಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಎರಡಕ್ಕೂ ನನಗೆ ತಿಳಿದಷ್ಟು ಹೇಳುತ್ತೇನೆ.

ಗನ್ ಕಾನೂನು ಜಗಳಗಳನ್ನು ಕಡಿಮೆ ಮಾಡುವುದಿಲ್ಲ. ಆದರೆ ಜಗಳದಲ್ಲಿ ಹೆಣ ಬೀಳುವುದನ್ನು ಕಡಿಮೆ ಮಾಡುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ದಿನಾ ಕೋರ್ಟಿನಲ್ಲಿ ಕಾಣುತ್ತೇನೆ.

ಭೀಮೆಯ ದಂಡೆಯ ಒಂದು ಊರಿನ ಕೇಸು ಕೇಳಿ. ಅಣ್ಣತಮ್ಮಂದಿರ ಮಕ್ಕಳು, ಅಕ್ಕಪಕ್ಕದ ಹೊಲ. ತೊಗರಿ ರಾಶಿ ಮುಗಿದು ಹೊಲ ಹೊಡೆಯುವಾಗ ಒಬ್ಬ ಟ್ರ್ಯಾಕ್ಟರ್ ಅನ್ನು ಒಂದು ಸಾಲು ಈಚೆ ತಂದ. ಬದು ಹೋಯಿತು. ಇನ್ನೊಬ್ಬ ಬಂಡಿಯಲ್ಲಿದ್ದ ಕೊಡಲಿ ತಗೊಂಡು ಓಡಿ ಬಂದ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೇ ಏಟು ಎತ್ತುವಷ್ಟರಲ್ಲಿ ಪಕ್ಕದ ಹೊಲದ ಹೆಣ್ಣುಮಗಳೊಬ್ಬಳು ಹಿಂದಿನಿಂದ ಕೊಡಲಿ ಕಾವು ಹಿಡಿದು ಜೋತುಬಿದ್ದಳು. ಅಷ್ಟರಲ್ಲಿ ನಾಲ್ಕು ಜನ ಸೇರಿದರು. ಗಾಯಾಳುವನ್ನು ಅದೇ ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಕೊಲೆ ಯತ್ನದ ಕೇಸಾಯಿತು, ವರ್ಷಗಟ್ಟಲೆ ನಡೆಯಿತು. ಇಬ್ಬರೂ ಬದುಕಿದ್ದಾರೆ, ಈಗ ಒಂದೇ ಬಾವಿಯ ನೀರು ಪಾಳಿ ಮೇಲೆ ತಗೊಳ್ಳುತ್ತಾರೆ. ಅವತ್ತು ಆ ಬಂಡಿಯಲ್ಲಿ ಕೊಡಲಿ ಬದಲು ಪಿಸ್ತೂಲ್ ಇದ್ದಿದ್ದರೆ? ಕಾವು ಹಿಡಿಯಲು ಯಾರಿಗೂ ಸಮಯ ಸಿಗುತ್ತಿರಲಿಲ್ಲ. ಸಿಟ್ಟು ಅಷ್ಟೇ ಇರುತ್ತಿತ್ತು, ಒಬ್ಬ ಮಣ್ಣಿಗೆ, ಒಬ್ಬ ಜೈಲಿಗೆ ಹೋಗುತ್ತಿದ್ದರು.

ಇದೇ ಮಾತನ್ನು ಫ್ರಾಂಕ್ಲಿನ್ ಝಿಮ್ರಿಂಗ್ ಎಂಬ ಅಮೆರಿಕದ ಕಾನೂನು ಪಂಡಿತರು 1968ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಷಿಕಾಗೋ ಪೊಲೀಸರ ದಾಖಲೆಗಳನ್ನು ತೆಗೆದು ಚಾಕುವಿನ ಹಲ್ಲೆಗಳನ್ನೂ ಗುಂಡಿನ ಹಲ್ಲೆಗಳನ್ನೂ ಹೋಲಿಸಿದರು. ಜನ ಅದೇ ಥರದವರು, ಜಗಳದ ಕಾರಣವೂ ಅವೇ. ಆದರೆ ಗುಂಡಿನ ಹಲ್ಲೆಯಲ್ಲಿ ಸಾವಿನ ಪ್ರಮಾಣ ಸುಮಾರು ಐದು ಪಟ್ಟು ಜಾಸ್ತಿ ಇತ್ತು. ಕೊಂದೇ ತೀರಬೇಕು ಅಂತ ಹೊರಟವರು ಕಡಿಮೆ, ಆ ಗಳಿಗೆಯಲ್ಲಿ ಕೈಗೆ ಏನು ಸಿಕ್ಕಿತು ಅನ್ನೋದೇ ಸಾವು ಬದುಕನ್ನು ತೀರ್ಮಾನಿಸಿತು ಅನ್ನೋದು ಅವರ ವಾದ.

ನಮ್ಮ ದೇಶದ ಲೆಕ್ಕವನ್ನೂ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆ ಕೇಸು ದಾಖಲಾದವು. ಅದರಲ್ಲಿ 9,962ಕ್ಕೆ ಕಾರಣ ಜಗಳ, ವ್ಯಾಜ್ಯ. ಲಾಭಕ್ಕಾಗಿ ಮಾಡಿದ ಕೊಲೆಗಳು 1,884 ಮಾತ್ರ. ಅಂದರೆ ನಮ್ಮಲ್ಲಿ ಕೊಲ್ಲುವವರು ಹೆಚ್ಚಾಗಿ ಮುಖವಾಡ ಹಾಕಿದ ದರೋಡೆಕೋರರಲ್ಲ. ಪಕ್ಕದ ಹೊಲದವರು, ಪಕ್ಕದ ಮನೆಯವರು, ಒಂದೇ ಮನೆಯವರು. ಅಂಥವರ ನಡುವೆ ಗನ್ ತಂದಿಡಬೇಕಾ ಅನ್ನೋದೇ ನಿಜವಾದ ಪ್ರಶ್ನೆ.

ಅಮೆರಿಕದಲ್ಲಿ ಜನರಿಗಿಂತ ಗನ್ ಜಾಸ್ತಿ. ಸ್ವಿಟ್ಜರ್ಲೆಂಡಿನ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2017ರ ಅಂದಾಜಿನಂತೆ ಅಲ್ಲಿನ ನಾಗರಿಕರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳಿವೆ. 2021ರಲ್ಲಿ ಗುಂಡಿನಿಂದ ಸತ್ತವರು 48,830. ಆ ವರ್ಷ ಕೊಲೆಯಾದವರಲ್ಲಿ ಐದರಲ್ಲಿ ನಾಲ್ವರು ಗುಂಡಿಗೆ ಬಲಿಯಾದವರು. ಕಳ್ಳತನ, ಹೊಡೆದಾಟದಲ್ಲಿ ಅಮೆರಿಕ ಬೇರೆ ಶ್ರೀಮಂತ ದೇಶಗಳಿಗಿಂತ ಅಷ್ಟೇನೂ ಮುಂದಿಲ್ಲ. ಸಾವಿನಲ್ಲಿ ಮುಂದಿದೆ.

ಇನ್ನೊಂದು ಕಡೆಯ ವಾದವನ್ನೂ ಸುಮ್ನೆ ತಳ್ಳಿಹಾಕಬಾರದು. 1990ರ ದಶಕದಿಂದ ಅಮೆರಿಕದಲ್ಲಿ ಗನ್ ಹೆಚ್ಚಾಗುತ್ತಾ ಹೋದರೂ ಹಿಂಸೆಯ ಅಪರಾಧ ಅರ್ಧದಷ್ಟು ಇಳಿಯಿತು. ಜನ ಗನ್ ಇಟ್ಟುಕೊಂಡು ಓಡಾಡಿದರೆ ಕಳ್ಳರು ಹೆದರುತ್ತಾರೆ ಅಂತ ಕೆಲವು ಅರ್ಥಶಾಸ್ತ್ರಜ್ಞರು ಬರೆದರು. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಎಲ್ಲ ಅಧ್ಯಯನ ತೆಗೆದು ನೋಡಿ, ಹಾಗೆ ಹೇಳಲು ಸಾಕಷ್ಟು ಆಧಾರ ಇಲ್ಲ ಅಂದಿತು. ಆಮೇಲೆ 2019ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಜಾನ್ ಡೊನೊಹ್ಯೂ ತಂಡ ಉಲ್ಟಾ ಫಲಿತಾಂಶವನ್ನೇ ಪ್ರಕಟಿಸಿತು. ಗನ್ ಇಟ್ಟುಕೊಂಡು ಓಡಾಡುವುದನ್ನು ಸುಲಭ ಮಾಡಿದ ರಾಜ್ಯಗಳಲ್ಲಿ ಹತ್ತು ವರ್ಷದ ಬಳಿಕ ಹಿಂಸೆಯ ಅಪರಾಧ ಸುಮಾರು 13ರಿಂದ 15 ಶೇಕಡಾ ಹೆಚ್ಚಿತ್ತು. ಆಸ್ಟ್ರೇಲಿಯಾದಲ್ಲಿ 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದಲ್ಲಿ 35 ಜನ ಸತ್ತ ಮೇಲೆ ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆಯಿತು. ಗುಂಡಿನ ಸಾವು ಇಳಿಯಿತು. ಮೊದಲೇ ಇಳಿಯುತ್ತಿತ್ತು, ಅದರಲ್ಲಿ ಕಾನೂನಿನ ಪಾಲು ಎಷ್ಟು ಅಂತ ಇನ್ನೂ ವಾದ ಮಾಡುವವರಿದ್ದಾರೆ. ಇರಲಿ. ನಮ್ಮದೇ ರಾಜ್ಯದ ಕೊಡಗಿನಲ್ಲಿ ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ. ಮನೆಮನೆಯಲ್ಲಿ ಕೋವಿ ಇದೆ, ಅದಕ್ಕೆ ಪೂಜೆಯೂ ಇದೆ. ಹಾಗಂತ ಕೊಡಗೇನು ರಣರಂಗ ಆಗಿಲ್ಲ. ಕೋವಿ ಹಿಡಿಯುವ ಕಟ್ಟುಪಾಡು ತಲೆಮಾರುಗಳಿಂದ ಬಂದಿರುವ ಜಾಗ ಅದು. ಆ ಕಟ್ಟುಪಾಡು ಇಲ್ಲದ ಕಡೆ ಬರೀ ಕೋವಿ ಮಾತ್ರ ಕೊಟ್ಟರೆ ಏನಾಗುತ್ತದೆ ಅನ್ನೋದು ನನ್ನ ಭಯ.

ಈಗ ಬೀದರ್‌ಗೆ ಬರುತ್ತೇನೆ. 2025ರ ಜನವರಿ 16ರಂದು ಬೈಕ್ ಮೇಲೆ ಬಂದ ಇಬ್ಬರು ಊರಿನ ನಡುವೆಯೇ ಗುಂಡು ಹಾರಿಸಿ ಹಣದ ಪೆಟ್ಟಿಗೆ ಎತ್ತಿಕೊಂಡು ಹೋದರು. ಹೊಟ್ಟೆಪಾಡಿಗೆ ಕೆಲಸಕ್ಕೆ ಹೋಗಿದ್ದ ಒಬ್ಬರು ಸತ್ತರು, ಇನ್ನೊಬ್ಬರಿಗೆ ತೀವ್ರ ಗಾಯ. ಓಡಿಹೋದವರು ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲೂ ಗುಂಡು ಹಾರಿಸಿದರು. ಅವತ್ತು ನನ್ನ ಪರಿಚಯದವರೆಲ್ಲ ನೀವು ಕೇಳಿದ್ದನ್ನೇ ಕೇಳಿದರು. ಆದರೆ ಆ ರಸ್ತೆಯಲ್ಲಿ ಹತ್ತು ಜನರ ಹತ್ತಿರ ಲೈಸೆನ್ಸಿನ ಪಿಸ್ತೂಲ್ ಇತ್ತು ಅಂತಲೇ ಇಟ್ಟುಕೊಳ್ಳಿ. ಹತ್ತೂ ಜನ ಹಾರಿಸಿದರೆ ಯಾರ ಗುಂಡು ಯಾರಿಗೆ ಬೀಳುತ್ತಿತ್ತು? ಓಡಿ ಬಂದ ಪೊಲೀಸರಿಗೆ ಕಳ್ಳ ಯಾರು, ಕಾಪಾಡಲು ಬಂದವನು ಯಾರು ಅಂತ ಹೇಗೆ ಗೊತ್ತಾಗುತ್ತಿತ್ತು?

ನಮ್ಮ ಭಾಗದ ರೋಗ ಲೈಸೆನ್ಸ್ ಗನ್ನಿನದಲ್ಲ, ಕಂಟ್ರಿ ಪಿಸ್ತೂಲಿನದು, ಅಂದರೆ ಕದ್ದುಮುಚ್ಚಿ ತಯಾರಿಸಿದ ನಾಡ ಪಿಸ್ತೂಲಿನದು. ಸ್ಮಾಲ್ ಆರ್ಮ್ಸ್ ಸರ್ವೆಯ ಅದೇ 2017ರ ಅಂದಾಜಿನಲ್ಲಿ ಭಾರತದ ನಾಗರಿಕರ ಹತ್ತಿರ ಇರುವ ಬಂದೂಕು ಸುಮಾರು 7 ಕೋಟಿ, ನೋಂದಣಿ ಆಗಿರುವುದು 1 ಕೋಟಿಗೂ ಕಡಿಮೆ. ಮಧ್ಯಪ್ರದೇಶದ ಖರಗೋನ್, ಬಡವಾನಿ, ಬುರ್ಹಾನ್‌ಪುರ, ಬಿಹಾರದ ಮುಂಗೇರ್ ಈ ದಂಧೆಗೆ ಹೆಸರಾದ ಜಾಗಗಳು. ಅಲ್ಲಿಂದ ಮಹಾರಾಷ್ಟ್ರ ದಾಟಿ ನಮ್ಮ ಭೀಮಾ ಸೀಮೆಗೆ ಬರುತ್ತವೆ. ಎಂ.ಎಂ. ಕಲಬುರ್ಗಿ ಅವರನ್ನು 2015ರಲ್ಲಿ, ಗೌರಿ ಲಂಕೇಶ್ ಅವರನ್ನು 2017ರಲ್ಲಿ ಕೊಂದಿದ್ದೂ 7.65 ಎಂಎಂ ನಾಡ ಪಿಸ್ತೂಲಿನಿಂದ. ಎರಡಕ್ಕೂ ಒಂದೇ ಪಿಸ್ತೂಲು ಬಳಸಲಾಗಿದೆ ಅಂತ ವಿಧಿವಿಜ್ಞಾನ ವರದಿ ಹೇಳಿತು.

ಅಂಥ ಪಿಸ್ತೂಲು ಕೋರ್ಟಿಗೆ ಮುದ್ದೆಮಾಲಾಗಿ, ಅಂದರೆ ಜಪ್ತಿಯಾದ ಸಾಕ್ಷಿ ವಸ್ತುವಾಗಿ, ಬಂದಾಗ ನೋಡಬೇಕು. ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮೊಹರು ಒತ್ತಿ, ಪಂಚರ (ಜಪ್ತಿ ನೋಡಿದ ಸಾಕ್ಷಿಗಳ) ಸಹಿಯ ಚೀಟಿ ಅಂಟಿಸಿರುತ್ತಾರೆ. ಬಿಚ್ಚಿದರೆ ಒಳಗೆ ಅರದಿಂದ ಉಜ್ಜಿದ ಗೆರೆಗಳು ಹಾಗೇ ಉಳಿದಿರುವ ಕಬ್ಬಿಣ, ಒರಟು ಮರದ ಹಿಡಿ, ಎರಡು ಕಡೆ ಸ್ಕ್ರೂ. ಕಂಪನಿ ಗುರುತಿಲ್ಲ, ನಂಬರಿಲ್ಲ. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಹೇಳುವ ಒಂದು ಕಾಗದವೂ ಇಲ್ಲ. ಲೈಸೆನ್ಸ್ ಇರುವ ಗನ್ನಿಗೆ ನಂಬರ್ ಇದೆ, ಯಜಮಾನ ಇದ್ದಾನೆ, ಎಷ್ಟು ಗುಂಡು ಕೊಂಡ ಅನ್ನುವ ಲೆಕ್ಕವೂ ಇದೆ. ಅದಕ್ಕೇ ಆ ಕಾನೂನಿನ ಬಗ್ಗೆ ನನಗೆ ಗೌರವ.

ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಕ್ರಮವಾಗಿ ಗನ್ ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಅಂತ ಮಾಡಿದರು. ಒಬ್ಬರಿಗೆ 3 ಗನ್ ಇದ್ದಿದ್ದನ್ನು 2ಕ್ಕೆ ಇಳಿಸಿದರು. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ 2 ವರ್ಷದವರೆಗೆ ಜೈಲು. ಕಾಗದದ ಮೇಲೆ ಸಾಕಷ್ಟು ಬಿಗಿ ಇದೆ. ಕೇಸು ಬಿದ್ದುಹೋಗುವುದು ಬೇರೆ ಕಡೆ. ಪಂಚರು ಕೋರ್ಟಿನಲ್ಲಿ ಉಲ್ಟಾ ಹೊಡೆಯುತ್ತಾರೆ. ಪಿಸ್ತೂಲು ಗುಂಡು ಹಾರಿಸುವ ಸ್ಥಿತಿಯಲ್ಲಿದೆ ಅಂತ ಪ್ರಯೋಗಾಲಯದ ವರದಿ ಬೇಕು, ಅದು ತಡವಾಗುತ್ತದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡ ಕೇಸಿಗೆ ಸೆಕ್ಷನ್ 39ರ ಪ್ರಕಾರ ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಇರಬೇಕು, ಅದರಲ್ಲಿ ಒಂದು ಲೋಪ ಆದರೂ ಆರೋಪಿ ಹೊರಗೆ. ಇಂಥ ಲೋಪ ಹಿಡಿದು ಆರೋಪಿ ಪರ ವಾದಿಸುವುದು ನನ್ನ ಕೆಲಸವೂ ಹೌದು, ಮುಂದೆಯೂ ಮಾಡುತ್ತೇನೆ. ಆದರೆ ಒಬ್ಬ ನಾಗರಿಕನಾಗಿ ಕೇಳಿದರೆ, ಹೊಸ ಕಾನೂನಿಗಿಂತ ಈ ತೂತುಗಳನ್ನು ಮುಚ್ಚುವ ತನಿಖೆ ನಮಗೆ ಬೇಕು. ಪಿಸ್ತೂಲು ಹಿಡಿದ ಹುಡುಗನ ಹತ್ತಿರ ತನಿಖೆ ನಿಲ್ಲಬಾರದು, ತಯಾರಿಸಿದ ಭಟ್ಟಿಯವರೆಗೆ ಹೋಗಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಅಮೆರಿಕದ ಆ 48,830 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, 26,328, ಆತ್ಮಹತ್ಯೆ. ಚರ್ಚೆಯಲ್ಲಿ ಇದು ಬರುವುದೇ ಇಲ್ಲ. ಸಾಯಬೇಕು ಅಂದವನು ಹೇಗಾದರೂ ಸಾಯುತ್ತಾನೆ ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಅದು ಸುಳ್ಳು ಅಂತ ತೋರಿಸಿದ್ದು ಶ್ರೀಲಂಕಾ. ಅಲ್ಲಿ ಜನ ಕ್ರಿಮಿನಾಶಕ ಕುಡಿದು ಸಾಯುತ್ತಿದ್ದರು. 1995ರಿಂದ ಅತಿ ವಿಷಕಾರಿ ಔಷಧಿಗಳನ್ನು ಒಂದೊಂದಾಗಿ ನಿಷೇಧಿಸಿದರು. ಎರಡು ದಶಕದಲ್ಲಿ ಆತ್ಮಹತ್ಯೆ ದರ ಸುಮಾರು 70 ಶೇಕಡಾ ಇಳಿಯಿತು. ಬೆಳೆ ಇಳುವರಿ ಕುಸಿಯಲಿಲ್ಲ. ತೊಗರಿ ಕಣಜದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ, ಮಳೆ, ರೇಟು, ಮನೆ ಮೂಲೆಯಲ್ಲಿ ಔಷಧಿ ಡಬ್ಬಿ. ಆ ಒಂದು ರಾತ್ರಿ ಡಬ್ಬಿ ಕೈಗೆ ಸಿಗದಿದ್ದರೆ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುತ್ತಿದ್ದವರು ಎಷ್ಟು ಜನ! ಗುಂಡಿಗಾದರೆ ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗುವುದಿಲ್ಲ. ನಿಮ್ಮ ಮನೆಗೆ ಗನ್ ಬಂದರೆ ಅದು ನಿಮ್ಮ ಶತ್ರುವಿಗಿಂತ ನಿಮ್ಮ ಮನೆಯವರಿಗೇ ಹತ್ತಿರ ಇರುತ್ತದೆ.

ಹಿರಿಯರು ಒಪ್ಪುವುದಿಲ್ಲ, ಗೊತ್ತು. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಕೊಡದೆ ಕಾದಿ ಸತ್ತರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಿಜಾಮನ ಕಡೆಯ ರಜಾಕಾರರು ಊರನ್ನೇ ಕೊಚ್ಚಿದರು. ಆ ಕಡೆಯ ಮುದುಕರೊಬ್ಬರು ನನಗೆ, ನಮ್ಮ ಹತ್ತಿರ ನಾಲ್ಕು ಬಂದೂಕು ಇದ್ದಿದ್ದರೆ ಅಂತ ಕಣ್ಣೀರು ಹಾಕಿ ಹೇಳಿದ್ದಾರೆ. ಅವರ ಎದುರು ನಾನು ವಾದ ಮಾಡಲಿಲ್ಲ. ಅವತ್ತು ಆಳುವವರೇ ಕೊಲ್ಲುವವರ ಬೆನ್ನಿಗಿದ್ದರು, ದೂರು ಕೊಡಲು ಜಾಗವೇ ಇರಲಿಲ್ಲ. ಇವತ್ತು ಠಾಣೆ ಇದೆ, ಕೋರ್ಟಿದೆ, ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆ. ಎಷ್ಟೇ ನಿಧಾನ ಅಂದರೂ ಇದೆ.

ನಿಮ್ಮ ಅಪ್ಪನ ವಿಷಯ. ಅರ್ಜಿ ಹಾಕುವ ಹಕ್ಕು ಅವರಿಗಿದೆ. 21 ವರ್ಷ ಆಗಿರಬೇಕು, ವೈದ್ಯರ ಪ್ರಮಾಣಪತ್ರ, ಗನ್ ಬಳಕೆಯ ತರಬೇತಿ ಪತ್ರ ಬೇಕು, ಪೊಲೀಸ್ ವರದಿ ಆಗಬೇಕು. ಸಿಕ್ಕಿತು ಅಂತಲೇ ಅನ್ನಿ. ಗನ್ ಮನೆಯ ಅಲ್ಮಾರಿಯಲ್ಲಿ ಇರುತ್ತದೆ, ಜಗಳ ಹೊಲದಲ್ಲಿ ಆಗುತ್ತದೆ. ಚುನಾವಣೆ ಘೋಷಣೆ ಆದರೆ ಸಾಮಾನ್ಯವಾಗಿ ಅದನ್ನು ಠಾಣೆಯಲ್ಲಿ ಜಮಾ ಮಾಡಬೇಕು, ಊರಲ್ಲಿ ಪಾರ್ಟಿ ದ್ವೇಷ ಕುದಿಯುವುದೂ ಅದೇ ಹೊತ್ತಿಗೆ. ನಿಮ್ಮಲ್ಲಿ ಗನ್ ಬಂತು ಅಂತ ಗೊತ್ತಾದರೆ ಎದುರಿನವರು ಸುಮ್ಮನೆ ಕೂರುವುದಿಲ್ಲ. ಅವರು ಲೈಸೆನ್ಸಿಗೆ ಕಾಯದೆ ಕಂಟ್ರಿ ಪಿಸ್ತೂಲ್ ಹುಡುಕುತ್ತಾರೆ. ಅದಕ್ಕೇ ಬೇಡ ಅನ್ನುತ್ತೇನೆ.

ಬೆದರಿಕೆ ಹಾಕಿದ ದಿನ, ಜಾಗ, ಕೇಳಿಸಿಕೊಂಡವರ ಹೆಸರು ಬರೆದು ಠಾಣೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಫೋನಿನಲ್ಲಿ ಬೆದರಿಸಿದ್ದರೆ ರೆಕಾರ್ಡಿಂಗ್ ಅಳಿಸಬೇಡಿ. ಶಾಂತಿ ಕಾಪಾಡಲು ಎದುರಿನವರಿಂದ ಬಾಂಡ್ ಬರೆಸಿಕೊಳ್ಳಿ ಅಂತ ಕೇಳಿ. ಹಳೆಯ 107 ಕೇಸು ಅಂತಾರಲ್ಲ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 126. ಇದಕ್ಕೆಲ್ಲ ಮೊದಲು ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಅಳತೆಗೆ, ಅರ್ಜಿ ಹಾಕಿ. ಸರ್ವೇಯರ್ ಬರುವ ದಿನ ಎದುರಿನವರಿಗೆ ನೋಟಿಸ್ ಮುಟ್ಟಿದೆಯಾ ಅಂತ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ಅಳತೆಯನ್ನೇ ಒಪ್ಪುವುದಿಲ್ಲ ಅಂತಾರೆ. ತೊಗರಿ ಬಿತ್ತುವ ಮುಂಚೆ, ಹೊಲ ಖಾಲಿ ಇರುವಾಗಲೇ ಅಳತೆ ಮುಗಿಸಿ ಕಲ್ಲು ನೆಡಿಸಿ. ಪೈರು ಎದ್ದ ಮೇಲೆ ಯಾರೂ ಸರಪಳಿ ಎಳೆಯಲು ಬಿಡುವುದಿಲ್ಲ.