ಕ್ರೌನ್ ಹೈಟ್ಸ್‌ನಲ್ಲಿ ಮನೆ ಹಿಡಿಯುವ ಮುಂಚೆ

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಕ್ರೌನ್ ಹೈಟ್ಸ್‌ನಲ್ಲಿ ಮನೆ ಸಿಕ್ಕಿದೆ, ಬೀದಿ ತುಂಬ ಕರಿ ಹ್ಯಾಟು, ಉದ್ದ ಗಡ್ಡದವರೇ, ನಾವು ಹೊಂದಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಧೈರ್ಯವಾಗಿ ಬನ್ನಿ. ಶುಕ್ರವಾರ ಸಂಜೆ ಸೈರನ್ ಕೂಗಿದರೆ ಗಾಬರಿ ಬೇಡ, ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಶುರುವಾಯಿತು ಅಂತ ಅಷ್ಟೆ. ಶನಿವಾರ ಕತ್ತಲಾಗುವವರೆಗೆ ಅವರ ಅಂಗಡಿಗಳು ತೆರೆಯುವುದಿಲ್ಲ. ಪರಸ್ತ್ರೀ, ಪರಪುರುಷರ ಕೈ ಕುಲುಕುವ ಪದ್ಧತಿಯೂ ಇಲ್ಲ. ನಮ್ಮ ನಮಸ್ಕಾರ ಸಾಕು.

ಇವರು ಹಬಾದ್ ಪಂಥದ ಹಸೀದಿ ಯಹೂದಿಗಳು, ಅಂದರೆ ಯಹೂದಿಗಳಲ್ಲೇ ಭಕ್ತಿಗೆ ಒತ್ತು ಕೊಡುವವರು. ಪಂಥ ಕಟ್ಟಿದ ಷ್ನೇಯರ್ ಝಲ್ಮನ್ ಬಗ್ಗೆ ಸ್ವಲ್ಪ ತಿಳಿದಿದ್ದರೆ ಮಾತು ಸಲೀಸಾಗುತ್ತದೆ. ಹುಟ್ಟಿದ್ದು 1745ರಲ್ಲಿ, ಈಗಿನ ಬೆಲಾರುಸ್‌ನ ಲಿಯೋಜ್ನಾದಲ್ಲಿ. ಚಿಕ್ಕಂದಿನಲ್ಲೇ ದೊಡ್ಡ ಓದುಗ. ಮುಂದೆ ಕಲಿಯಲು ವಿಲ್ನಾಗೆ ಹೋಗಬಹುದಿತ್ತು, ಅದು ಪಂಡಿತರ ಊರು. ಆದರೆ ಓದು ಅಷ್ಟಿಷ್ಟು ಬರುತ್ತದೆ, ಪ್ರಾರ್ಥನೆ ಬರುವುದಿಲ್ಲ ಅಂತ ಮೆಜೆರಿಚ್‌ನ ದೋವ್ ಬೇರ್ ಎಂಬ ಗುರುವಿನ ಬಳಿ ಹೋದರಂತೆ. ಆ ಗುರು ಮಾಡಿದ್ದೇನು ಗೊತ್ತಾ? ಯಹೂದಿ ಧರ್ಮಶಾಸ್ತ್ರವನ್ನು ಹೊಸದಾಗಿ ಬರೆಯುವ ಕೆಲಸವನ್ನು ಈ ಹುಡುಗನಿಗೇ ಒಪ್ಪಿಸಿದರು!

ಆಮೇಲೆ ಝಲ್ಮನ್‌ರನ್ನು ನೋಡಲು ಲಿಯೋಜ್ನಾಗೆ ಎಷ್ಟು ಜನ ಬರತೊಡಗಿದರೆಂದರೆ, ಯಾರು ಯಾವಾಗ ಬರಬೇಕು ಅಂತ ನಿಯಮವೇ ಮಾಡಬೇಕಾಯಿತು. ಒಬ್ಬೊಬ್ಬರ ಕಷ್ಟ ಕೇಳಲು ಪುರುಸೊತ್ತಿಲ್ಲದೆ, ಉತ್ತರಗಳನ್ನೆಲ್ಲ ಸೇರಿಸಿ 1796ರಲ್ಲಿ 'ತಾನ್ಯಾ' ಎಂಬ ಪುಸ್ತಕ ಅಚ್ಚು ಹಾಕಿಸಿದರು. ಮೊದಲ ಮುದ್ರಣದಲ್ಲಿ ಅವರ ಹೆಸರೇ ಇಲ್ಲ. ಮನಸ್ಸಿನೊಳಗಿನ ಜಗಳ ಇದ್ದದ್ದೇ, ಕೆಟ್ಟ ಯೋಚನೆ ಬಂತು ಅಂತ ಕೊರಗಬೇಡ, ಅದರ ಮಾತು ಕೇಳಬೇಡ ಅನ್ನುವುದು ಅದರಲ್ಲಿ ನನಗೆ ಹಿಡಿಸಿದ ವಿಷಯ. ನನ್ನ ಪಕ್ಕದ ಮನೆಯವರು ಇವತ್ತಿಗೂ ದಿನಾ ಅದರ ಒಂದು ಭಾಗ ಓದುತ್ತಾರೆ.

ನಮಗೆ ಹತ್ತಿರವಾದ ಕಥೆ ಇನ್ನೊಂದಿದೆ. 1777ರಲ್ಲಿ ಹಸೀದಿಗಳ ಒಂದು ಗುಂಪು ಊರು ಬಿಟ್ಟು ಪವಿತ್ರ ನಾಡಿಗೆ, ಅಂದರೆ ಈಗಿನ ಇಸ್ರೇಲ್ ಕಡೆಗೆ, ವಲಸೆ ಹೋಯಿತು. ಹೊಟ್ಟೆಗೆ ಕಷ್ಟ. ಝಲ್ಮನ್ ಊರಲ್ಲೇ ಉಳಿದು ಚಂದಾ ಎತ್ತಿ ಕಳಿಸುತ್ತಿದ್ದರು. ಆ ನಾಡು ಆಗ ತುರ್ಕಿ ಸುಲ್ತಾನರದ್ದು. ಶತ್ರುವಿಗೆ ದುಡ್ಡು ಕಳಿಸುತ್ತಾರೆ ಅಂತ, ಲಿಯೋಜ್ನಾವನ್ನು ಆಗ ಆಳುತ್ತಿದ್ದ ರಷ್ಯಾ ಸರ್ಕಾರಕ್ಕೆ ಚಾಡಿ ಹೋಯಿತು. 1798ರಲ್ಲಿ ಹಿಡಿದು ಪೀಟರ್ಸ್‌ಬರ್ಗ್ ಜೈಲಿಗೆ ಹಾಕಿದರು, ಎರಡು ತಿಂಗಳೊಳಗೆ ಬಿಟ್ಟರು.

ಬಿಡುಗಡೆಯಾದ ದಿನ ಯಹೂದಿ ಪಂಚಾಂಗದ ಕಿಸ್ಲೇವ್ ತಿಂಗಳ 19. ನಮ್ಮ ಹಬ್ಬಗಳ ಹಾಗೆ ಇಂಗ್ಲಿಷ್ ತಾರೀಕು ಪ್ರತಿವರ್ಷ ಬದಲಾಗುತ್ತದೆ, ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸು. ಅವತ್ತು ಇಲ್ಲಿ ದೊಡ್ಡ ಸಂಭ್ರಮ, ರಾತ್ರಿಯೆಲ್ಲ ಹಾಡು. ಈಸ್ಟರ್ನ್ ಪಾರ್ಕ್‌ವೇ ಅನ್ನುವ ಇಲ್ಲಿನ ದೊಡ್ಡ ರಸ್ತೆ ಕಡೆ ಕಾರು ನಿಲ್ಲಿಸುವ ಆಸೆ ಮಾತ್ರ ಬೇಡ, ಸುಮ್ನೆ ಸಬ್‌ವೇ ಹಿಡಿಯಿರಿ.