ನರ ತಂತಿಯಲ್ಲ, ಮೇಷ್ಟ್ರೇ

ಓದುಗರ ಪತ್ರ: ಹೋದ ಸಂಚಿಕೆಯ ಲೇಖನದಲ್ಲಿ ‘ನರವನ್ನು ಕರೆಂಟಿನ ತಂತಿ ಅಂದುಕೊಳ್ಳಬೇಡಿ’ ಎಂದು ಬರೆದಿದ್ದೀರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಮಿದುಳು ಅಂದರೆ ಟೆಲಿಫೋನ್ ಎಕ್ಸ್‌ಚೇಂಜ್, ನರ ಅಂದರೆ ತಂತಿ ಅಂತಲೇ ಪಾಠ ಮಾಡಿದೆ. ಮಕ್ಕಳಿಗೆ ಅರ್ಥವಾಯಿತು, ಪಾಸೂ ಆದರು. ಇವತ್ತಿಗೂ ನನ್ನನ್ನು ಮಾತಾಡಿಸುತ್ತಾರೆ. ಸೋಡಿಯಂ, ಪೊಟ್ಯಾಸಿಯಂ ಎಂದೆಲ್ಲ ಹೇಳಿ ಸುಮ್ನೆ ಗೊಂದಲ ಮಾಡುವುದು ಯಾಕೆ? ಕೊನೆಗೊಂದು ಮಾತು: ನನಗೆ ಪಾದ ಉರಿ. ಟಿವಿಯಲ್ಲಿ ಬರುವ ನರದ ಮಾತ್ರೆ ತರಿಸಲೇ?
— ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಜೊತೆಗೆ ನಿಮ್ಮ ಹತ್ತಿರ ಒಂದಿಷ್ಟು ವಾದ ಮಾಡಬೇಕು ಅಂತಲೂ ಅನ್ನಿಸಿತು. ಅರವತ್ತು ಮಕ್ಕಳ ತರಗತಿ, ನಲವತ್ತು ನಿಮಿಷದ ಪೀರಿಯಡ್, ತಲೆಯ ಮೇಲೆ ಪರೀಕ್ಷೆ. ಅಂಥ ಕಡೆ ತಂತಿಯ ಉದಾಹರಣೆ ಬಾಯಿಗೆ ಬರುವುದು ಸಹಜ. ನರದ ಕೆಲಸದಲ್ಲಿ ವಿದ್ಯುತ್ತು ಇರುವುದೂ ನಿಜ. ಇಲ್ಲದಿದ್ದರೆ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಯಂತ್ರಕ್ಕೆ ನೆತ್ತಿಯ ಮೇಲೆ ಏನೂ ಸಿಗುತ್ತಿರಲಿಲ್ಲ. ಇಷ್ಟು ಒಪ್ಪಿದೆ. ಇದರಾಚೆಗೆ ಒಪ್ಪಲಾರೆ.

ತಂತಿ ಅಂದ ಕೂಡಲೇ ಮಗುವಿನ ತಲೆಯಲ್ಲಿ ಏನು ಕೂರುತ್ತದೆ? ಸ್ವಿಚ್ ಒತ್ತಿದರೆ ಬಲ್ಬ್ ಹತ್ತಿತು. ನಡುವೆ ಹೊತ್ತೇ ಇಲ್ಲ. ಈಗ ಕತ್ತಲಲ್ಲಿ ಹೊಸ್ತಿಲು ಎಡವಿದ್ದನ್ನು ನೆನಪು ಮಾಡಿಕೊಳ್ಳಿ. ಮೊದಲು ಬೆರಳಿಗೆ ಏನೋ ತಾಗಿದ್ದು ಗೊತ್ತಾಗುತ್ತದೆ. ಒಂದು ಕ್ಷಣ ಬಿಟ್ಟು ಉರಿಯುವ ನೋವು ಏರಿ ಬರುತ್ತದೆ. ಆ ನಡುವೆ ‘ಅಯ್ಯೋ, ಈಗ ನೋಯುತ್ತೆ’ ಅಂದುಕೊಳ್ಳುವಷ್ಟು ಪುರುಸೊತ್ತು ಇರುತ್ತದೆ, ಅಲ್ವಾ? ಸ್ಪರ್ಶದ ಸುದ್ದಿ ತರುವ ದಪ್ಪ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಉರಿನೋವಿನ ಸಣ್ಣ ಎಳೆಗಳಿಗೆ ಹೊದಿಕೆ ಇಲ್ಲ. ಅಲ್ಲಿ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಅದು ನಾವು ಆರಾಮಾಗಿ ನಡೆಯುವ ವೇಗ. ಎಲ್ಲ ನರವೂ ತಂತಿಯಾಗಿದ್ದರೆ ಈ ಎರಡು ಸುದ್ದಿಗಳು ಒಟ್ಟಿಗೇ ಬರಬೇಕಿತ್ತು.

ಈ ವೇಗವನ್ನು ಅಳೆಯಲು ಆಗುವುದೇ ಇಲ್ಲ, ಅಷ್ಟು ಜಾಸ್ತಿ ಇರುತ್ತದೆ ಎಂದು ಜರ್ಮನಿಯ ದೊಡ್ಡ ಶರೀರಶಾಸ್ತ್ರಜ್ಞ ಯೊಹಾನೆಸ್ ಮ್ಯೂಲರ್ ನಂಬಿದ್ದರು. ಅಳೆದು ತೋರಿಸಿದ್ದು ಅವರದೇ ಶಿಷ್ಯ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ. ಕಪ್ಪೆಯ ನರವನ್ನು ಸ್ನಾಯುವಿಗೆ ಹತ್ತಿರದ ಜಾಗದಲ್ಲಿ ಒಮ್ಮೆ, ದೂರದ ಜಾಗದಲ್ಲಿ ಒಮ್ಮೆ ಕೆಣಕಿದರು. ಸ್ನಾಯು ಸೆಟೆಯುವುದರಲ್ಲಿ ಎಷ್ಟು ತಡವಾಯಿತು ಅಂತ ನೋಡಿದರು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 30 ಮೀಟರ್ ಅಷ್ಟೇ! ಮೇಷ್ಟ್ರ ಮಾತನ್ನು ಪರೀಕ್ಷೆ ಮಾಡಿ ನೋಡುವ ಶಿಷ್ಯರು ನಮಗೆ ಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ.

ಹಾಗಾದರೆ ಒಳಗೆ ಓಡುವುದು ಏನು? ನೀವು ಗೊಂದಲ ಅಂದಿರಲ್ಲ, ಆ ಸೋಡಿಯಂ ಪೊಟ್ಯಾಸಿಯಮ್ಮೇ ಇಲ್ಲಿ ಎಲ್ಲ. ನರಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಸುಮ್ಮನಿರುವಾಗ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಒಂದು ಜಾಗದಲ್ಲಿ ಕೆಣಕಿದರೆ ಅಲ್ಲಿನ ಪೊರೆಯ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಆ ಏರುಪೇರಿಗೆ ಪಕ್ಕದ ಬಾಗಿಲು ತೆರೆಯುತ್ತದೆ, ಅದಕ್ಕೆ ಅದರ ಪಕ್ಕದ್ದು. ಸರಪಟಾಕಿಯಲ್ಲಿ ಒಂದು ಪಟಾಕಿ ಮುಂದಿನದನ್ನು ಹೊತ್ತಿಸುವ ಹಾಗೆ. ಅದಕ್ಕೇ ಬೆನ್ನುಹುರಿಯಿಂದ ಪಾದದವರೆಗೆ ಹೋದರೂ ಸುದ್ದಿ ಸೊರಗುವುದಿಲ್ಲ. ಪಟಾಕಿ ಸುಟ್ಟರೆ ಮುಗಿಯಿತು. ನರ ಮಾತ್ರ ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಪೊಟ್ಯಾಸಿಯಂ ಹೊರಗೆ ಬಿಟ್ಟು ಮತ್ತೆ ಸಿದ್ಧವಾಗುತ್ತದೆ. ಹಲ್ಲಿನ ಡಾಕ್ಟರು ದವಡೆಗೆ ಇಂಜೆಕ್ಷನ್ ಕೊಟ್ಟಾಗ ಮರಗಟ್ಟುತ್ತದಲ್ಲ, ಆ ಲಿಗ್ನೊಕೇನ್ ಮಾಡುವುದು ಇಷ್ಟೇ: ಸೋಡಿಯಂ ಬಾಗಿಲು ಮುಚ್ಚುವುದು. ಹತ್ತನೇ ತರಗತಿಯ ಹುಡುಗಿಗೆ ಇದು ಅರ್ಥವಾಗುವುದಿಲ್ಲ ಅಂತೀರಾ? ನಾನು ನಂಬುವುದಿಲ್ಲ.

ಇದನ್ನೆಲ್ಲ ಬಿಡಿಸಿದ್ದು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುವ ಸ್ಕ್ವಿಡ್ಡಿನಲ್ಲಿ ಒಂದು ನರದ ಎಳೆ ಅರ್ಧ ಮಿಲಿಮೀಟರಿಗೂ ದಪ್ಪ ಇರುತ್ತದೆ. 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅದರೊಳಗೇ ಎಲೆಕ್ಟ್ರೋಡ್ ತೂರಿಸಿ ಅಳೆದರು. ಅಷ್ಟರಲ್ಲಿ ಯುದ್ಧ ಶುರುವಾಯಿತು, ಕೆಲಸ ನಿಂತಿತು. ಪೂರ್ತಿ ವಿವರ ಪ್ರಕಟವಾಗಿದ್ದು 1952ರಲ್ಲಿ. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಕೆಲಸಕ್ಕೆ ಸಿಗಲಿಲ್ಲ ಅಂತ ಹಕ್ಸ್‌ಲಿ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಕೂತರು. ಅದೇ ಕೆಲಸಕ್ಕೆ 1963ರಲ್ಲಿ ನೊಬೆಲ್ ಬಂತು. ಬೊಂಡಾಸಿನ ನರ ನೋಡಿ ಯಾರಿಗೆ ಲಾಭ ಅಂತ ಆಗ ಕೇಳಿದ್ದರೆ ಏನಾಗುತ್ತಿತ್ತು ಯೋಚಿಸಿ.

ನಿಮ್ಮ ತಂತಿ ಪೂರ್ತಿ ತುಂಡಾಗುವುದು ನರದ ತುದಿಯಲ್ಲಿ. ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುವ ಕಡೆ, ಅಂದರೆ ಸಿನಾಪ್ಸ್‌ನಲ್ಲಿ, ಒಂದು ಸಂದು ಇದೆ. ಅಗಲ ಮಿಲಿಮೀಟರಿನ ಐವತ್ತು ಸಾವಿರದ ಒಂದು ಪಾಲು. ಕೆಲವು ಕಡೆ ಎರಡು ಕೋಶಗಳು ನೇರವಾಗಿ ಕೂಡಿಕೊಂಡಿರುವುದೂ ಉಂಟು. ಹೆಚ್ಚಿನ ಕಡೆ ಆ ಸಂದು ದಾಟುವುದು ವಿದ್ಯುತ್ತಲ್ಲ, ರಾಸಾಯನಿಕ. ಆಸ್ಟ್ರಿಯಾದ ಗ್ರಾಟ್ಸ್ ಊರಿನ ವಿಜ್ಞಾನಿ ಓಟೋ ಲೋವಿಗೆ ಇದನ್ನು ತೋರಿಸುವ ಪ್ರಯೋಗ ಕನಸಿನಲ್ಲಿ ಹೊಳೆಯಿತಂತೆ. ನಿದ್ದೆಗಣ್ಣಲ್ಲಿ ಗೀಚಿಟ್ಟದ್ದನ್ನು ಬೆಳಿಗ್ಗೆ ಓದಲಾಗಲಿಲ್ಲ. ಮಾರನೇ ರಾತ್ರಿ ಮತ್ತೆ ಹೊಳೆದಾಗ ಎದ್ದು ಸೀದಾ ಪ್ರಯೋಗಾಲಯಕ್ಕೆ ನಡೆದರು. ಬಡಿಯುತ್ತಿರುವ ಕಪ್ಪೆಯ ಹೃದಯ ಎರಡು. ಒಂದಕ್ಕೆ ಬರುವ ವೇಗಸ್ ಎಂಬ ನರ ಕೆಣಕಿದರು, ಬಡಿತ ನಿಧಾನವಾಯಿತು. ಅದರಲ್ಲಿದ್ದ ದ್ರವ ತೆಗೆದು ಇನ್ನೊಂದಕ್ಕೆ ಹಾಕಿದರು. ಅದರ ನರ ಮುಟ್ಟಿಯೇ ಇರಲಿಲ್ಲ, ಅದೂ ನಿಧಾನವಾಯಿತು! 1921ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸುದ್ದಿ ಒಯ್ದ ರಾಸಾಯನಿಕವೇ ಅಸಿಟೈಲ್‌ಕೋಲಿನ್.

ಇದು ಪುಸ್ತಕದ ಮಾತಾಗಿ ಉಳಿಯದೆ ನನ್ನ ಮನಸ್ಸಿಗೆ ನಾಟಿದ್ದು ಊರಿನಲ್ಲಿ. ಪಕ್ಕದ ಮನೆಯ ಹುಡುಗ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬೆಳಗಿನಿಂದ ಹೊಲಕ್ಕೆ ಔಷಧಿ ಹೊಡೆದು ಬಂದ. ಕ್ಯಾನು ಸೋರಿ ಅಂಗಿ ತೊಯ್ದಿತ್ತು. ಸಂಜೆಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಸಣ್ಣಗಿತ್ತು. ತೋಳಿನ ಮಾಂಸ ತಾನಾಗಿ ಅದುರುತ್ತಿತ್ತು. ‘ವಿಷ ಹೊಟ್ಟೆಗೆ ಹೋಗಿಲ್ಲ, ಮಜ್ಜಿಗೆ ಕುಡಿಸಿ ಮಲಗಿಸಿ’ ಅಂದರು ಹಿರಿಯರು. ಅವನು ಹೊಡೆದದ್ದು ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕ, ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ. ಅಸಿಟೈಲ್‌ಕೋಲಿನ್ ತನ್ನ ಕೆಲಸ ಮಾಡಿದ ಕೂಡಲೇ ಅದನ್ನು ಒಡೆದು ಹಾಕುವ ಕಿಣ್ವವೊಂದಿದೆ, ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹುಳುವನ್ನು ಕೊಲ್ಲುವುದೂ ಹೀಗೆಯೇ. ಸಂದಿನಲ್ಲಿ ಸುದ್ದಿ ನಿಲ್ಲುವುದೇ ಇಲ್ಲ. ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಅವನನ್ನು ಯಾರೋ ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ರಾತ್ರಿಯಿಡೀ ಮತ್ತೆ ಮತ್ತೆ ಅಟ್ರೋಪಿನ್ ಎಂಬ ಮದ್ದು ಕೊಟ್ಟರು, ಬದುಕಿದ. ಅವನೂ ಶಾಲೆಯಲ್ಲಿ ನರಕೋಶದ ಪಾಠ ಕೇಳಿದವನೇ. ತಂತಿಯ ಪಾಠ ಕೇಳಿದವನಿಗೆ ಒದ್ದೆ ಅಂಗಿ ಬಿಚ್ಚಿ ಸೋಪು ಹಾಕಿ ಮೈ ತೊಳೆಯಬೇಕು ಅಂತ ಹೊಳೆಯುವುದು ಹೇಗೆ?

ನನ್ನ ಸಿಟ್ಟು ನಿಮ್ಮ ಮೇಲಲ್ಲ. ‘ನರಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಅನ್ನುವ ಪ್ರಶ್ನೆಯ ಮೇಲೆ. ಮಕ್ಕಳು ಎಷ್ಟು ಚಂದ ಬರೆಯುತ್ತಾರೆ! ಆಕ್ಸಾನ್, ಡೆಂಡ್ರೈಟ್ ಎಲ್ಲದಕ್ಕೂ ಸ್ಕೇಲು ಹಿಡಿದು ಗೆರೆ. ಸಿನಾಪ್ಸ್ ದಾಟುವುದು ರಾಸಾಯನಿಕ ಅಂತ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಗೈಡಿನಲ್ಲಿ ಅದು ಒಂದು ಸಾಲಾಗುತ್ತದೆ, ಉತ್ತರ ಪತ್ರಿಕೆಗೆ ಬರುವಾಗ ಒಂದು ಪದ. ಕೇಳಬೇಕೆಂದಿದ್ದ ಮಗು ಬಾಯಿ ಮುಚ್ಚಿಕೊಂಡು ಕೂರುತ್ತದೆ. ಹಾಗೆ ಕೂತವರೇ ದೊಡ್ಡವರಾಗಿ ಬಸ್‌ಸ್ಟ್ಯಾಂಡ್ ಗೋಡೆಯ ‘ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ’ ಎಂಬ ಬರಹ ನಂಬುತ್ತಾರೆ. ಸುಸ್ತಾದರೆ ನರ ವೀಕು, ಕೈ ನಡುಗಿದರೆ ನರ ವೀಕು. ಯಾವ ನರ, ಅದರಲ್ಲಿ ಏನು ಕೆಟ್ಟಿದೆ ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಲು ಕಲಿಸಬೇಕಾದ ಜಾಗ ನಿಮ್ಮಂಥವರ ತರಗತಿ. ಮಕ್ಕಳು ನಿಮ್ಮನ್ನು ಇವತ್ತಿಗೂ ಮಾತಾಡಿಸುತ್ತಾರೆ ಅಂತ ಬರೆದಿದ್ದೀರಿ. ನಿಮ್ಮ ಮಾತಿಗೆ ಬೆಲೆ ಇದೆ ಅಂತಲೇ ಇಷ್ಟು ಉದ್ದ ಬರೆದೆ.

ಪತ್ರದ ತುದಿಯಲ್ಲಿ ಪಾದ ಉರಿ ಬಗ್ಗೆ ಕೇಳಿ, ಟಿವಿಯಲ್ಲಿ ಬರುವ ನರದ ಮಾತ್ರೆ ತರಿಸಲೇ ಅಂದಿದ್ದೀರಿ. ಈಗಲೇ ತರಿಸಬೇಡಿ. ರಕ್ತದ ಸಕ್ಕರೆ ನೋಡಿಸಿ, ಬಿ12 ವಿಟಮಿನ್ ಕೂಡ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು, ಮಾಂಸ ಮೊಟ್ಟೆ ತಿನ್ನದವರಲ್ಲೂ ಅಷ್ಟೇ. ಸಕ್ಕರೆ ಜಾಸ್ತಿಯಾದರೂ ಬಿ12 ಕಡಿಮೆಯಾದರೂ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಪಾದಕ್ಕೆ ಹೋಗುವ ಉದ್ದದ ನರಗಳಿಗೆ. ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡಿ. ರಿಪೋರ್ಟು ಹಿಡಿದು ಡಾಕ್ಟರ ಹತ್ತಿರ ಹೋಗಿ, ಅವರು ಏನು ಹೇಳಿದರು ಅಂತ ನನಗೂ ಬರೆಯಿರಿ.