ಪೆಂಫಿಗಸ್ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಹೇಳಬಹುದೇ?

ನೀವು ಕೇಳಿರುವುದು ಇಷ್ಟು: ಅಮ್ಮನಿಗೆ 58 ವರ್ಷ. ಬಾಯೊಳಗೂ ಬೆನ್ನ ಮೇಲೂ ಗುಳ್ಳೆ. ಬಯಾಪ್ಸಿಯಲ್ಲಿ ಪೆಂಫಿಗಸ್ ವಲ್ಗಾರಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮೇಲೆ ಎರಗಿ ಗುಳ್ಳೆ ಎಬ್ಬಿಸುವ ಕಾಯಿಲೆ) ಎಂದು ಖಚಿತವಾಗಿದೆ. ಎಲಿಸಾ, ಅಂದರೆ ರಕ್ತದಲ್ಲಿ ಪ್ರತಿಕಾಯ ಅಳೆಯುವ ಪರೀಕ್ಷೆಯ, ರಿಪೋರ್ಟಿನಲ್ಲಿ ಡೆಸ್ಮೊಗ್ಲೀನ್ 3 ವಿರುದ್ಧದ ಪ್ರತಿಕಾಯ 180, ಡೆಸ್ಮೊಗ್ಲೀನ್ 1 ವಿರುದ್ಧದ್ದು 95. ಪ್ರತಿಕಾಯ ತಯಾರಾಗುವುದನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧ ಕೊಡೋಣ ಎಂದು ಡಾಕ್ಟರು ಹೇಳಿದ್ದಾರೆ. ಈ ಅಂಕಿಗಳನ್ನು ನೋಡಿ ಕಾಯಿಲೆ ಎಷ್ಟು ಕಾಲ ಕಾಡುತ್ತದೆ, ಔಷಧ ನಿಲ್ಲಿಸಿದರೆ ಮರಳುತ್ತದೆಯೇ ಎಂದು ಹೇಳಬಹುದೇ?

ಇವತ್ತಿನ ರಿಪೋರ್ಟಿನಿಂದ ಹೇಳಲಾಗದು. ಮೂರು ತಿಂಗಳು ಕಳೆದ ಮೇಲೆ ಒಂದು ಮಟ್ಟಿಗೆ ಹೇಳಬಹುದು.

ಡೆಸ್ಮೊಗ್ಲೀನ್‌ಗಳು ಚರ್ಮದ ಮೇಲ್ಪದರದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನುಗಳು. ಬಾಯಿಯ ಒಳಪದರ ಹೆಚ್ಚಾಗಿ 3ನೆಯದನ್ನು ನಂಬಿಕೊಂಡಿದೆ; ಚರ್ಮಕ್ಕೆ 1ನೆಯದರ ಆಸರೆ ಹೆಚ್ಚು. ಹಾಗಾಗಿ 3ರ ಪ್ರತಿಕಾಯ ಮಾತ್ರ ಇದ್ದರೆ ತೊಂದರೆ ಬಹುಮಟ್ಟಿಗೆ ಬಾಯಲ್ಲೇ, ಎರಡೂ ಇದ್ದರೆ ಬಾಯಿ ಮತ್ತು ಚರ್ಮ, 1 ಮಾತ್ರ ಇದ್ದರೆ ಬಾಯನ್ನು ಬಿಟ್ಟು ಚರ್ಮ. ಈ ಕೊನೆಯದಕ್ಕೆ ಪೆಂಫಿಗಸ್ ಫೋಲಿಯೇಶಿಯಸ್ ಎನ್ನುತ್ತಾರೆ. ನಿಮ್ಮ ಅಮ್ಮನ ರಿಪೋರ್ಟ್ ಎರಡನೆಯ ಗುಂಪಿನದು, ಗುಳ್ಳೆಗಳೂ ಅದನ್ನೇ ಹೇಳುತ್ತಿವೆ. ಅಂದರೆ ಮೊದಲ ದಿನದ ಅಂಕಿಗಳಿಂದ ಕಾಯಿಲೆ ಎಲ್ಲಿ ಬರುತ್ತದೆ ಎಂಬುದು ತಿಳಿಯುತ್ತದೆ, ಎಷ್ಟು ವರ್ಷ ಇರುತ್ತದೆ ಎಂಬುದು ತಿಳಿಯುವುದಿಲ್ಲ. ಪಕ್ಕದ ಹಾಸಿಗೆಯವರ 90ಕ್ಕಿಂತ ಇವರ 180 ಎರಡು ಪಟ್ಟು ಕೆಟ್ಟದ್ದು ಎಂದೂ ಅಲ್ಲ. ಈ ಅಂಕಿಯನ್ನು ಹೋಲಿಸಬೇಕಾದದ್ದು ಅದೇ ರೋಗಿಯ ಹಿಂದಿನ ಅಂಕಿಯ ಜೊತೆ ಮಾತ್ರ.

ಆ ಹೋಲಿಕೆಯಲ್ಲೂ ಒಂದು ಮೋಸವಿದೆ. ಎಲಿಸಾ ಕಿಟ್‌ಗೆ ಒಂದು ಮೇಲ್ಮಿತಿ ಇರುತ್ತದೆ. ಅದನ್ನು ದಾಟಿದ ರಕ್ತದಲ್ಲಿ ಎಷ್ಟೇ ಪ್ರತಿಕಾಯ ಇರಲಿ, ಓದುವಿಕೆ ಹೆಚ್ಚುಕಮ್ಮಿ ಅಲ್ಲೇ ನಿಂತುಬಿಡುತ್ತದೆ. ನಿಜವಾದ ಮಟ್ಟ 1000ದಿಂದ 400ಕ್ಕೆ ಇಳಿದಿದ್ದರೂ ಎರಡೂ ಸಲ ‘200ಕ್ಕಿಂತ ಹೆಚ್ಚು’ ಎಂದೇ ಬರಬಹುದು. ಮನೆಯವರು ಔಷಧ ಕೆಲಸ ಮಾಡುತ್ತಿಲ್ಲ ಎಂದು ಕಂಗಾಲಾಗುತ್ತಾರೆ. ಮೇಲ್ಮಿತಿಯ ಹತ್ತಿರದ ಅಂಕಿ ಬಂದರೆ ಸ್ಯಾಂಪಲ್ಲನ್ನು ಇನ್ನಷ್ಟು ತೆಳುಮಾಡಿ ಮತ್ತೆ ಅಳೆಯಲು ಲ್ಯಾಬಿಗೆ ಹೇಳಿ. ಪ್ರತಿ ಸಲವೂ ಅದೇ ಲ್ಯಾಬ್, ಅದೇ ಕಂಪನಿಯ ಕಿಟ್ ಇರಲಿ.

ಇನ್ನು ಮೂರನೇ ತಿಂಗಳ ಮಾತು. ರಿಟುಕ್ಸಿಮ್ಯಾಬನ್ನು ಮೊದಲ ಚಿಕಿತ್ಸೆಯಾಗಿ ಕೊಟ್ಟು ನೋಡಿದ ಫ್ರಾನ್ಸಿನ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎರಡು ಗುಂಪು ಸೇರಿ 90 ರೋಗಿಗಳು. ಒಂದು ಗುಂಪಿಗೆ ರಿಟುಕ್ಸಿಮ್ಯಾಬ್: ಮೊದಲ ದಿನ 1000 ಮಿ.ಗ್ರಾಂ, ಎರಡು ವಾರದ ನಂತರ ಇನ್ನೊಂದು 1000, ಆಮೇಲೆ 12 ಮತ್ತು 18ನೇ ತಿಂಗಳಲ್ಲಿ 500 ಮಿ.ಗ್ರಾಂ, ಜೊತೆಗೆ ಅಲ್ಪಾವಧಿಗೆ ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್. ಎರಡು ವರ್ಷದ ಹೊತ್ತಿಗೆ ಈ ಗುಂಪಿನಲ್ಲಿ 89% ಮಂದಿಗೆ ಸ್ಟೆರಾಯ್ಡ್ ಇಲ್ಲದೆಯೂ ಗುಳ್ಳೆ ಇರಲಿಲ್ಲ. ಬರೀ ಪ್ರೆಡ್ನಿಸೋನ್ ತೆಗೆದುಕೊಂಡವರಲ್ಲಿ ಅದು 34% ಮಾತ್ರ. ಅದೇ ರೋಗಿಗಳ ದಾಖಲೆಗಳನ್ನು ಮತ್ತೆ ಕೆದಕಿದಾಗ, ಮೊದಲ ಎರಡು ಇನ್‌ಫ್ಯೂಷನ್ ಆದಮೇಲೆ ಬೇಗ ಮರುಕಳಿಸಿದವರಲ್ಲಿ ಎರಡು ಸಂಗತಿ ಎದ್ದುಕಂಡವು. ಒಂದು, ಆರಂಭದಲ್ಲೇ ಪಿಡಿಎಐ ಅಂಕ (ಕಾಯಿಲೆಯ ತೀವ್ರತೆಯ ಅಳತೆ) 45 ಅಥವಾ ಹೆಚ್ಚು. ಇನ್ನೊಂದು, ಮೂರನೇ ತಿಂಗಳಲ್ಲಿ ಡೆಸ್ಮೊಗ್ಲೀನ್ 1ರ ಪ್ರತಿಕಾಯ 20 ಅಥವಾ ಹೆಚ್ಚು, ಇಲ್ಲವೇ 3ರದ್ದು 130 ಅಥವಾ ಹೆಚ್ಚು ಉಳಿದಿರುವುದು.

ಪಿಡಿಎಐ ಎಂದರೆ ಡಾಕ್ಟರು ಮೈ, ನೆತ್ತಿ, ಬಾಯಿಯ ಒಂದೊಂದು ಭಾಗವನ್ನೂ ನೋಡಿ ಗುಳ್ಳೆಗಳ ಸಂಖ್ಯೆ, ಗಾತ್ರಕ್ಕೆ ಅಂಕ ಕೊಡುವ ಪಟ್ಟಿ. ಐದು ನಿಮಿಷದ ಕೆಲಸ. ಚಿಕಿತ್ಸೆ ಶುರುವಾಗುವ ಮೊದಲೇ ಇದನ್ನು ಬರೆಸಿಕೊಳ್ಳಿ. ಗುಳ್ಳೆ ಒಣಗಿದ ಮೇಲೆ ಲೆಕ್ಕ ಹಾಕಲು ಬರುವುದಿಲ್ಲ. ಆದ್ದರಿಂದ ನಿಮ್ಮ ಅಮ್ಮನ 180, 95 ಮೂರನೇ ತಿಂಗಳಲ್ಲಿ ಎಷ್ಟಕ್ಕೆ ಇಳಿಯುತ್ತವೆ ಎಂಬುದೇ ನೀವು ಕಾಯಬೇಕಾದ ಉತ್ತರ. ಅದರಲ್ಲೂ 95ರ ಮೇಲೆ ಕಣ್ಣಿಡಿ. ಡೆಸ್ಮೊಗ್ಲೀನ್ 1ರ ಅಂಕಿ ಚರ್ಮದ ಸ್ಥಿತಿಯ ಜೊತೆಗೇ ಏರಿಳಿಯುವುದು ಹೆಚ್ಚು. 3ರದ್ದು ಹಟಮಾರಿ: ಬಾಯಿ ಪೂರ್ತಿ ವಾಸಿಯಾದ ಮೇಲೂ ಎತ್ತರದಲ್ಲೇ ಉಳಿಯಬಹುದು, ಏಕೆಂದರೆ ಆ ಪ್ರೋಟೀನಿಗೆ ಅಂಟುವ ಎಲ್ಲ ಪ್ರತಿಕಾಯಗಳೂ ಕೋಶಗಳನ್ನು ಬೇರ್ಪಡಿಸುವುದಿಲ್ಲ. ಮೈಮೇಲೆ ಏನೂ ಇಲ್ಲದೆ ಬರೀ 3ರ ಅಂಕಿ ನೋಡಿ ಸ್ಟೆರಾಯ್ಡ್ ಏರಿಸುವುದು ನನ್ನ ಪ್ರಕಾರ ತಪ್ಪು.

ರಕ್ತಪರೀಕ್ಷೆಯಷ್ಟೇ ಬೆಲೆಯುಳ್ಳ ಇನ್ನೊಂದು ಅಳತೆ ಮನೆಯಲ್ಲೇ ಇದೆ. ಮೈಯ ಮುಂಭಾಗ, ಹಿಂಭಾಗದ ಒಂದು ರೇಖಾಚಿತ್ರ ಇಟ್ಟುಕೊಂಡು ವಾರಕ್ಕೊಮ್ಮೆ, ಅದೇ ದಿನ, ಅದೇ ಬೆಳಕಿನಲ್ಲಿ ಹೊಸ ಗುಳ್ಳೆಗಳನ್ನು ಗುರುತುಮಾಡಿ. ಪೆಂಫಿಗಸ್ ಗುಳ್ಳೆ ತೀರಾ ಸಡಿಲ, ಉಬ್ಬಿದ ರೂಪದಲ್ಲಿ ಕಾಣುವ ಮೊದಲೇ ಒಡೆದಿರುತ್ತದೆ. ಹಾಗಾಗಿ ಹುಡುಕಬೇಕಾದದ್ದು ಒದ್ದೆಯಾದ ಕೆಂಪು ಹಸಿಗಾಯ, ಅದರ ಅಂಚಿನಲ್ಲಿ ಸುಲಿದು ನಿಂತ ತೆಳು ಚರ್ಮ. ನೆತ್ತಿ, ಹೊಕ್ಕುಳು, ಕೆನ್ನೆಯ ಒಳಬದಿ, ಒಸಡು ಬಿಡಬೇಡಿ. ಮೂಗಿನೊಳಗೆ ಹಕ್ಕಳೆ ಕಟ್ಟಿ ರಕ್ತ ಬರುತ್ತಿದೆಯೇ, ದನಿ ಒಡೆದಿದೆಯೇ ಕೇಳಿ. ಪಕ್ಕದಲ್ಲೇ ಅಂದಿನ ಸ್ಟೆರಾಯ್ಡ್ ಡೋಸ್ ಬರೆಯಿರಿ.

ಒಂದು ಗುಳ್ಳೆ ಎದ್ದು ವಾರದೊಳಗೆ ತಾನೇ ಒಣಗಿದರೆ ಅದನ್ನು ಮರುಕಳಿಕೆ ಎನ್ನುವುದಿಲ್ಲ. ತಿಂಗಳಲ್ಲಿ ಮೂರು ಅಥವಾ ಹೆಚ್ಚು ಹೊಸ ಗಾಯಗಳು ಬಂದು ವಾರವಾದರೂ ಒಣಗದಿದ್ದರೆ, ಇಲ್ಲವೇ ಹಳೆಯ ಗಾಯ ದೊಡ್ಡದಾಗುತ್ತಿದ್ದರೆ ಅದು ಮರುಕಳಿಕೆ. ಎರಡು ವಾರ ಹೊಸದೇನೂ ಇಲ್ಲದೆ, ಹಳೆಯವು ಸುಮಾರು 80% ಒಣಗಿದ್ದರೆ ಸ್ಟೆರಾಯ್ಡ್ ಇಳಿಸಲು ಶುರುಮಾಡುವ ಹಂತ. ಬಾಯಿ ಕೊನೆಗೆ ವಾಸಿಯಾಗುವುದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಡೋಸ್ ಇಳಿಸುವಾಗ ಪ್ರತಿ ಸಲ ಒಂದೇ ಮಟ್ಟದಲ್ಲಿ, ಉದಾಹರಣೆಗೆ 15 ಮಿ.ಗ್ರಾಂ ಹತ್ತಿರ, ಗುಳ್ಳೆ ಏಳುತ್ತಿದ್ದರೆ ಅದನ್ನು ನಿಮ್ಮ ಚಾರ್ಟೇ ತೋರಿಸಿಕೊಡುತ್ತದೆ. ಕಾಯಿಲೆ ಒಳಗೆ ಇನ್ನೂ ಎಚ್ಚರವಾಗಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸುಳಿವು ಬೇಡ.

ಗುಳ್ಳೆ ಕಂಡದ್ದೆಲ್ಲ ಪೆಂಫಿಗಸ್ ಅಲ್ಲ ಎಂಬುದನ್ನೂ ನೆನಪಿಡಿ. ವಾಸಿಯಾಗುತ್ತಿದ್ದ ಬಾಯಿ ಇದ್ದಕ್ಕಿದ್ದಂತೆ ಉರಿಯತೊಡಗಿ ಬಿಳಿ ಪೊರೆ ಕಂಡರೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಇರಬಹುದು. ಒಂದೇ ಅಳತೆಯ, ಅಚ್ಚೊತ್ತಿದಂಥ ಸಣ್ಣ ಸಣ್ಣ ಹುಣ್ಣುಗಳು ಗುಂಪಾಗಿ ಎದ್ದು ನೋವು, ಜ್ವರ ಬಂದರೆ ಹರ್ಪಿಸ್ ಎಂಬ ವೈರಸ್ ಇರಬಹುದು. ಇವನ್ನು ಕಾಯಿಲೆ ಕೆರಳಿದೆ ಎಂದುಕೊಂಡು ಸ್ಟೆರಾಯ್ಡ್ ಏರಿಸಿದರೆ ಸೋಂಕು ಹಬ್ಬುತ್ತದೆ. ಮೊದಲು ಸ್ವಾಬ್, ಆಮೇಲೆ ಡೋಸ್. 1950ರ ದಶಕದಲ್ಲಿ ಸ್ಟೆರಾಯ್ಡ್ ಬರುವ ಮುಂಚೆ ಈ ಕಾಯಿಲೆಯಿಂದ ಹೆಚ್ಚಿನವರು ಸಾಯುತ್ತಿದ್ದರು. ಈಗ ಆ ಸ್ಥಿತಿ ಇಲ್ಲ, ಆದರೆ ಸಾವುಗಳಿಗೆ ಮುಖ್ಯ ಕಾರಣ ಸೋಂಕು. ಹಾಗಾಗಿ ಜ್ವರ ಬಂದರೆ ಅದೇ ದಿನ ತೋರಿಸಿ. ರಿಟುಕ್ಸಿಮ್ಯಾಬ್ ಹಾಕುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು, ಸುಪ್ತ ಸೋಂಕನ್ನು ಈ ಔಷಧ ಎಬ್ಬಿಸಬಲ್ಲದು.

ಔಷಧ ನಿಲ್ಲಿಸುವ ಪ್ರಶ್ನೆ ಬಂದಾಗ ಎರಡೂ ಪ್ರತಿಕಾಯ ಇಳಿದಿವೆಯೇ ನೋಡುತ್ತಾರೆ. ಸಾಧ್ಯವಿದ್ದಲ್ಲಿ ಚರ್ಮದ ಚೂರಿನಲ್ಲಿ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಅದು ನೆಗೆಟಿವ್ ಬಂದರೆ ಮರುಕಳಿಸುವ ಸಂಭವ ಕಡಿಮೆ. ಗುಳ್ಳೆ ಹೋಯಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ: ತಿಂಗಳುಗಟ್ಟಲೆ ಸ್ಟೆರಾಯ್ಡ್ ಸೇವಿಸಿದ ದೇಹದ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರುತ್ತದೆ, ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಇದನ್ನು ಓದುವವರಲ್ಲಿ ಬುಲ್ಲಸ್ ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆ ಕಾಯಿಲೆ ಇರುವವರೂ ಇರಬಹುದು. ಹೆಸರು ಹತ್ತಿರದ್ದು, ಲೆಕ್ಕ ಬೇರೆ. ಅಲ್ಲಿ ಗುಳ್ಳೆ ಬಿಗಿ, ತುರಿಕೆ ವಿಪರೀತ, ರೋಗಿಗಳು ಹೆಚ್ಚಾಗಿ 70 ದಾಟಿದವರು. ಜೀವಕ್ಕೆ ಅಪಾಯ ಎಷ್ಟು ಎಂಬುದನ್ನು ಗುಳ್ಳೆಗಳ ಸಂಖ್ಯೆಗಿಂತ ವಯಸ್ಸು, ಮರೆವಿನ ಕಾಯಿಲೆ, ಎದ್ದು ಓಡಾಡುವ ಶಕ್ತಿ ನಿರ್ಧರಿಸುತ್ತವೆ. ಚಿಕಿತ್ಸೆ ನಿಲ್ಲಿಸುವ ಹೊತ್ತಿಗೆ ಬಿಪಿ180 ಎಂಬ ಚರ್ಮದ ಪ್ರೋಟೀನಿನ ವಿರುದ್ಧದ ಪ್ರತಿಕಾಯದ ಎಲಿಸಾ ಅಂಕಿ 27ಕ್ಕಿಂತ ಮೇಲಿದ್ದರೆ ಮರುಕಳಿಸುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಗೆ ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್‌ನಂಥ ಮಾತ್ರೆ ನಡೆಯುತ್ತಿದ್ದರೆ ಚರ್ಮದ ಡಾಕ್ಟರಿಗೆ ಇವತ್ತೇ ಹೇಳಿ. ಕೆಲವರಲ್ಲಿ ಕಾಯಿಲೆಯನ್ನು ಕೆರಳಿಸುವುದೇ ಆ ಮಾತ್ರೆ, ಅದನ್ನು ಬದಲಿಸಿದರೆ ಹತೋಟಿ ಸುಲಭವಾಗುತ್ತದೆ.